ಶಾಲು ಹೊದಿಸಿ ಕಳುಹಿಸಿದ್ದು

ಭಾನುವಾರದ ಪ್ರವಚನದ ಹೊತ್ತಿಗೆ ನಾವು ಹೆಂಗಸರಲ್ಲಿ ಅರ್ಧ ಮಂದಿ ಅಡುಗೆಮನೆಯಲ್ಲಿರುತ್ತಿದ್ದೆವು. ವೆಸ್ಟ್‌ಮೀಡ್ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿ ಕೌನ್ಸಿಲ್‌ನವರ ಒಂದು ಹಾಲ್. ಸಿಡ್ನಿಯ ಈ ಭಾಗದ ಕನ್ನಡದವರ ಸಮಿತಿ ತಿಂಗಳಿಗೆರಡು ಭಾನುವಾರ ಅದನ್ನು ಬಾಡಿಗೆಗೆ ಹಿಡಿಯುತ್ತಿತ್ತು. ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಹಿಂದಿನ ಗೋಡೆಯಲ್ಲಿ ಒಂದು ಅಗಲವಾದ ಕಿಟಕಿ, ಅದರಾಚೆ ಅಡುಗೆಮನೆ. ಕಿಟಕಿಗೆ ಮೇಲಿನಿಂದ ಎಳೆಯುವ ಶಟರ್. ಪಾತ್ರೆಯ ಸದ್ದು ಹೊರಗೆ ಕೇಳಬಾರದೆಂದು ಶಟರ್ ಎಳೆದುಕೊಂಡು, ಚಿತ್ರಾನ್ನದ ಟ್ರೇಗಳನ್ನು ಓವನ್ನಿನಲ್ಲಿಟ್ಟು, ಮಕ್ಕಳ ಕೈಗೆ ಬಿಸ್ಕತ್ತು ಕೊಟ್ಟು ಕೂರಿಸುತ್ತಿದ್ದೆವು. ಪ್ರವಚನ ನಮಗೆ ಪಕ್ಕದ ಮನೆಯ ರೇಡಿಯೋದಂತೆ ಕೇಳುತ್ತಿತ್ತು. ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಅದನ್ನು ಮೊದಲು ಗಮನಿಸಿದವರು ಮೇಡಂ. ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಸಿಡ್ನಿಯಲ್ಲಿ ಡಾಕ್ಟರಾಗಿದ್ದ ಮಗಳ ಬಳಿಗೆ ಬಂದಿದ್ದರು. ಕೆಲವು ವರ್ಷಗಳಾದ ಮೇಲೆ ಮಗಳಿಗೆ ಮೆಲ್ಬೋರ್ನಿನಲ್ಲಿ ಕೆಲಸ ಸಿಕ್ಕಿತು, ಅವಳ ಸಂಸಾರ ಕ್ಲೈಡ್ ನಾರ್ತ್‌ನಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಹೋಯಿತು. ಮೇಡಂ ಹೋಗಲಿಲ್ಲ. ಸ್ಟೇಷನ್ನಿನ ಹತ್ತಿರ ಒಂದು ಬೆಡ್‌ರೂಮಿನ ಫ್ಲ್ಯಾಟನ್ನು ರೆಂಟಿಗೆ ಹಿಡಿದು ಒಬ್ಬರೇ ಉಳಿದರು.

"ಅಲ್ಲಿ ಹೋದ್ರೆ ನಾನು ಅಜ್ಜಿ ಕಣ್ರೀ. ಇಲ್ಲಿ ಮೇಡಂ," ಎನ್ನುತ್ತಿದ್ದರು. ನಗುತ್ತಾ ಹೇಳುತ್ತಿದ್ದ ಮಾತು. ಆದರೆ ಅವರು ಸಿಡ್ನಿಯಲ್ಲಿ ಉಳಿದದ್ದಕ್ಕೆ ಬೇರೆ ಕಾರಣ ಇರಲಿಲ್ಲ.

ಒಂದು ಭಾನುವಾರ ಪ್ರವಚನ ಮುಗಿದ ಕೂಡಲೇ ಅವರು ಬಂದು ಶಟರನ್ನು ಹೊರಗಿನಿಂದ ತಟ್ಟಿದರು. ನಾನು ಎತ್ತಿದೆ.

"ಏನ್ರೀ ಇದು? ಅಲ್ಲಿ ಒಂದು ಗಂಟೆಯಿಂದ ಮೋಕ್ಷಕ್ಕೆ ದಾರಿ ಹೇಳ್ತಿದಾರೆ, ನೀವು ನೋಡಿದ್ರೆ ಇಲ್ಲಿ ಒಗ್ಗರಣೆ ಹಾಕ್ತಾ ನಿಂತಿದೀರ."

"ಮತ್ತೆ ಎಂತ ಮಾಡುವುದು ಮೇಡಂ? ಮೋಕ್ಷ ಆದ ಕೂಡಲೇ ಎಲ್ಲರಿಗೂ ಹಸಿವಾಗ್ತದಲ್ಲ," ಎಂದೆ. ನಾನು ಉಡುಪಿ ಕಡೆಯವಳು.

ಅವರು ಗಟ್ಟಿಯಾಗಿ ನಕ್ಕರು. "ಬುಧವಾರ ಬೆಳಿಗ್ಗೆ ನಮ್ಮನೆಗೆ ಬನ್ನಿ ಎಲ್ಲರೂ. ನಾನು ಕೇಳಿಸ್ಕೊಂಡಿದ್ದನ್ನ ಹೇಳ್ತೀನಿ. ಕಾಫಿನೂ ಕೊಡ್ತೀನಿ."

ಬುಧವಾರದ ಕೂಟ ಹೀಗೆ ಶುರುವಾಯಿತು. ಮೊದಲು ಬಂದವರು ನಾಲ್ಕೈದು ಮಂದಿ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಕಣ್ಣುಜ್ಜುತ್ತಾ ಬರುವವರು, ನನ್ನ ಹಾಗೆ ಲ್ಯಾಬಿನ ಕೆಲಸದಿಂದ ನಿವೃತ್ತಿಯಾಗಿ ಬೆಳಗಿನ ಹೊತ್ತು ಏನು ಮಾಡುವುದೆಂದು ತಿಳಿಯದವರು. ಆರು ತಿಂಗಳು ಕಳೆಯುವುದರೊಳಗೆ ಸೋಫಾ ಸಾಲದೆ ನೆಲದ ಮೇಲೆ ಕೂರತೊಡಗಿದೆವು. ಫ್ಲ್ಯಾಟಿನ ಬಾಗಿಲಿನಿಂದ ಲಿಫ್ಟಿನವರೆಗೆ ಚಪ್ಪಲಿಗಳು.

ಮೇಡಂ ಭಾನುವಾರದ ಪ್ರವಚನವನ್ನು ಶ್ಲೋಕ ಸಮೇತ ನೆನಪಿನಿಂದ ಒಪ್ಪಿಸುತ್ತಿದ್ದರು. ಏನನ್ನೂ ಬಿಡುತ್ತಿರಲಿಲ್ಲ. ಆಮೇಲೆ, "ಈಗ ಕೇಳಿ," ಎನ್ನುತ್ತಿದ್ದರು. ಹಾಲಿನಲ್ಲಿ ಯಾರೂ ಬಾಯಿ ಬಿಡದ ಪ್ರಶ್ನೆಗಳು ಅಲ್ಲಿ ಬರುತ್ತಿದ್ದವು. ಏಕಾದಶಿಯ ದಿನ ಡ್ಯೂಟಿಯಲ್ಲಿದ್ದರೆ ಏನು ಮಾಡಬೇಕು? ದೇವರ ಮುಂದೆ ಕೂತಾಗ ಮಾರ್ಟ್‌ಗೇಜ್ ಮಾತ್ರ ನೆನಪಾದರೆ? ಸತ್ತ ಅಪ್ಪನ ಮೇಲೆ ಇನ್ನೂ ಕೋಪ ಇದ್ದರೆ ಶ್ರಾದ್ಧ ಮಾಡಿ ಏನು ಪ್ರಯೋಜನ? ಉತ್ತರ ಗೊತ್ತಿಲ್ಲದಿದ್ದರೆ ಮೇಡಂ ಗೊತ್ತಿಲ್ಲ ಎನ್ನುತ್ತಿದ್ದರು.

ಎರಡನೇ ಕಾಫಿಗೆ ಅವರ ಸ್ವಂತ ವಿಷಯ ಬರುತ್ತಿತ್ತು: ಪ್ಯೂರಿಟನ್ನರು. ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧ ಮಾಡಬೇಕೆಂದು ಹೊರಟವರು. ಅದಾಗದೆ ಕೆಲವರು ಹಡಗು ಹತ್ತಿ ಅಮೆರಿಕದ ತೀರಕ್ಕೆ ಹೋದರು. ಮೈಸೂರಿನಲ್ಲಿ ವರ್ಷವರ್ಷವೂ ಪರೀಕ್ಷೆಗೆ ಈ ಪ್ರಶ್ನೆ ಬರುತ್ತಿತ್ತಂತೆ. ಹುಡುಗಿಯರು ಗೈಡ್ ನೋಡಿ ನಾಲ್ಕು ಸಾಲು ಬರೆಯುತ್ತಿದ್ದರು: ಕಪ್ಪು ಬಟ್ಟೆ ಹಾಕುತ್ತಿದ್ದರು, ನಾಟಕಶಾಲೆ ಮುಚ್ಚಿಸಿದರು, ಕ್ರಿಸ್‌ಮಸ್ ಬೇಡವೆಂದರು, ನಗುತ್ತಿರಲಿಲ್ಲ.

"ಸುಳ್ಳು ಕಣ್ರೀ. ಬಣ್ಣದ ಬಟ್ಟೆ ಹಾಕ್ಕೋತಿದ್ರು. ನಗ್ತಾನೂ ಇದ್ರು. ಹೆಣ್ಣುಮಕ್ಕಳಿಗೆ ಓದು ಕಲಿಸ್ತಿದ್ರು, ಯಾಕೆ ಹೇಳಿ? ದೇವರ ಪುಸ್ತಕನ ತಾವೇ ಓದ್ಕೋಬೇಕು ಅಂತ. ಓದು ಕಲಿಸಿಬಿಟ್ಟು, ಆಮೇಲೆ ಪ್ರಶ್ನೆ ಕೇಳಬೇಡಿ ಅಂದ್ರೆ ಆಗತ್ತಾ?"

ಒಂದೊಂದು ವಾರ ಒಬ್ಬೊಬ್ಬರ ಕಥೆ. ಕಣ್ಣು ಹೋದ ಮೇಲೆ ಪದ್ಯಗಳನ್ನು ಬಾಯಲ್ಲಿ ಹೇಳಿ ಬೇರೆಯವರ ಕೈಯಲ್ಲಿ ಬರೆಸಿದ ಕವಿ. ಪಾತ್ರೆಗೆ ಕಲಾಯಿ ಹಾಕಿಕೊಂಡಿದ್ದು, ಅಪ್ಪಣೆಯಿಲ್ಲದೆ ಬೋಧನೆ ಮಾಡಿದ್ದಕ್ಕೆ ಜೈಲಿಗೆ ಬಿದ್ದು, ಬೋಧಿಸುವುದಿಲ್ಲ ಎಂದರೆ ಬಿಡುತ್ತೇವೆ ಅಂದರೂ ವರ್ಷಗಟ್ಟಲೆ ಒಳಗೇ ಉಳಿದವನು. ಊರಿನಿಂದ ಹೊರಹಾಕಿಸಿಕೊಂಡು ಚಳಿಗಾಲದ ಹಿಮದಲ್ಲಿ ಅಲೆದ ಪಾದ್ರಿ. ಅವನಿಗೆ ಅನ್ನ ಕೊಟ್ಟವರು ಆ ನೆಲದ ಮೂಲಜನ.

ಮೇಡಂ ಮತ್ತೆ ಮತ್ತೆ ಹೇಳುತ್ತಿದ್ದದ್ದು ಬಾಸ್ಟನ್ನಿನ ಸೂಲಗಿತ್ತಿಯ ಕಥೆ. ತಾನು ನಂಬಿದ ಗುರುವಿನ ಬೋಧನೆ ಕೇಳಲೆಂದೇ ಗಂಡ ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ದಾಟಿ ಬಂದವಳು. ಬಾಣಂತಿಯರೂ ಕೈಗೂಸಿನವರೂ ಚರ್ಚಿಗೆ ಹೋಗಲಾಗದೆ ಇರುತ್ತಿದ್ದರು. ಅವರನ್ನು ಮನೆಗೆ ಕರೆದು, ವಾರದ ಬೋಧನೆಯನ್ನು ಮತ್ತೊಮ್ಮೆ ಹೇಳುತ್ತಿದ್ದಳು. ಮೊದಲು ಹೇಳಿದ್ದನ್ನು ಹೇಳಿದಳು. ಆಮೇಲೆ ಅದು ಸರಿಯೋ ತಪ್ಪೋ ಎಂದೂ ಹೇಳತೊಡಗಿದಳು. ಇಲ್ಲಿನ ಪಾದ್ರಿಗಳು ನಡತೆಯನ್ನು ಅಳೆಯುತ್ತಾರೆ, ಕೃಪೆಯ ಸುದ್ದಿ ಅವರಿಗಿಲ್ಲ ಎಂದಳು. ಅವಳ ಮನೆಯ ಎದುರಿಗೇ ಗವರ್ನರನ ಮನೆ. ಕಿಟಕಿಯಿಂದ ನೋಡಿದರೆ ಎಷ್ಟು ಹೆಂಗಸರು ಬಂದರೆಂದು ಕಾಣುತ್ತಿತ್ತು.

"ಗವರ್ನರ್ ಕೆಟ್ಟೋನಲ್ಲ," ಎಂದು ಮೇಡಂ ಪ್ರತಿಸಲವೂ ಸೇರಿಸುತ್ತಿದ್ದರು. "ಮೊದಲನೇ ಚಳಿಗಾಲದಲ್ಲಿ ಜನ ಸಾಯ್ತಿದ್ದಾಗ ತನ್ನ ಮನೆ ದಿನಸಿ ಹಂಚಿದ ಮನುಷ್ಯ. ಊರು ಒಡೆದುಹೋಗತ್ತೆ ಅನ್ನೋ ಭಯ ಅವನಿಗೆ. ಭಯ ಬಿದ್ದ ಒಳ್ಳೆಯವರನ್ನ ಸಂಭಾಳಿಸೋದು ಕಷ್ಟ."

ಅವಳ ವಿಚಾರಣೆಯಾಯಿತು. ಒಂದು ಶ್ಲೋಕಕ್ಕೆ ಇನ್ನೊಂದು ಶ್ಲೋಕ ಎನ್ನುವಂತೆ ಉತ್ತರ ಕೊಟ್ಟಳು. ಅವಳ ಗುರುವನ್ನು ಸಾಕ್ಷಿಗೆ ಕರೆದರು. ಅವನೂ ಅವಳ ವಿರುದ್ಧ ಬಲವಾಗಿ ಏನನ್ನೂ ಹೇಳಲಿಲ್ಲ. ಇನ್ನೇನು ಬಿಟ್ಟುಬಿಡುತ್ತಾರೆ ಅನ್ನುವಷ್ಟರಲ್ಲಿ ಅವಳೇ ಎದ್ದು, ದೇವರು ನನ್ನ ಹತ್ತಿರ ನೇರವಾಗಿ ಮಾತಾಡುತ್ತಾನೆ ಎಂದಳು. ಅಲ್ಲಿಗೆ ಮುಗಿಯಿತು. ಗಡೀಪಾರು.

"ಇಲ್ಲಿ ಸುಮ್ಮನಿರಬೇಕಿತ್ತು ಕಣ್ರೀ," ಎಂದು ಮೇಡಂ ಕೈ ಹಿಸುಕಿಕೊಳ್ಳುತ್ತಿದ್ದರು, ನಿನ್ನೆ ನಡೆದದ್ದೆಂಬಂತೆ. "ಇನ್ನೊಂದೇ ನಿಮಿಷ ಬಾಯಿ ಮುಚ್ಕೊಂಡಿದ್ರೆ ಗೆದ್ದುಬಿಡ್ತಿದ್ಲು."

ನಮ್ಮಲ್ಲಿ ಪ್ರವಚನ ಹೇಳುತ್ತಿದ್ದವರು ಬೆಂಗಳೂರಿನ ನಿವೃತ್ತ ಸಿವಿಲ್ ಎಂಜಿನಿಯರರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಹೆಂಡತಿ ಹೋದ ಮೇಲೆ ಒಬ್ಬರೇ ಕುಳಿತು ಭಾಷ್ಯಗಳನ್ನು ಓದಿ ಕಲಿತವರು. ದೂರದ ಸಬರ್ಬಿನಿಂದ ತಾವೇ ಕಾರು ಓಡಿಸಿಕೊಂಡು ಬರುತ್ತಿದ್ದರು, ಪೆಟ್ರೋಲಿಗೆ ಕೂಡ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಿಯಮದ ಮೇಲೆ ಅವರಿಗೆ ಬಲವಾದ ನಂಬಿಕೆ. ಒಂದು ಭಾನುವಾರ ಅವರು, ನಿಯಮವಿಲ್ಲದವರು ಶಾಸ್ತ್ರ ಕೇಳುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ ಎಂದರು. ಈಗಿನ ಹೆಣ್ಣುಮಕ್ಕಳಿಗೆ ಮಡಿ ಮೈಲಿಗೆ ಬೇಡ, ಉಪವಾಸ ಬೇಡ, ಆದರೆ ನೆಮ್ಮದಿ ಮಾತ್ರ ಬೇಕು ಎಂದೂ ಸೇರಿಸಿದರು. ಆ ದಿನ ನಾನು ಅಡುಗೆಮನೆಯಲ್ಲಿರಲಿಲ್ಲ, ಹಾಲಿನಲ್ಲೇ ಇದ್ದೆ. ನನ್ನ ಪಕ್ಕದಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ಕೂತಿದ್ದಳು, ಹಾಸನದ ಕಡೆಯವಳು. ಅವಳು ತಲೆ ತಗ್ಗಿಸಿದ್ದನ್ನು ಕಂಡೆ.

ಬುಧವಾರ ಅವಳು ಯೂನಿಫಾರ್ಮಿನಲ್ಲೇ ಬಂದಳು. ಕಾಫಿ ಲೋಟ ಹಿಡಿದುಕೊಂಡೇ ಅಳತೊಡಗಿದಳು.

"ನಾನು ರಾತ್ರಿಯೆಲ್ಲಾ ಎಷ್ಟು ಜನರ ಮೈ ತೊಳೀತೀನಿ ಆಂಟಿ. ರಕ್ತ, ಮಲ, ಎಲ್ಲಾ. ನಂಗೆ ಯಾವ ಮಡಿ? ನಾನು ತೂತು ಬಿಂದಿಗೆನೇ ಅಲ್ವಾ?"

ಮೇಡಂ ಅವಳ ಕೈಯಿಂದ ಲೋಟ ತೆಗೆದಿಟ್ಟರು. ಆಮೇಲೆ ಹೇಳಿದರು. ಅವರು ಹೇಳಿದ್ದು ಇಷ್ಟು: "ಸರ್‌ಗೆ ರೂಲ್ಸ್ ಚೆನ್ನಾಗಿ ಗೊತ್ತು. ಅನುಗ್ರಹ ಯಾರಿಗೆ ಸಿಗತ್ತೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನ ಅಳೆಯೋ ಟೇಪು ಇನ್ನೂ ಯಾರೂ ಮಾಡಿಲ್ಲ ಮಗಳೇ."

ಎಲ್ಲರೂ ನಕ್ಕರು. ಹುಡುಗಿಯೂ ಮೂಗು ಒರೆಸಿಕೊಂಡು ನಕ್ಕಳು.

ಆ ಮಾತು ಫ್ಲ್ಯಾಟಿನಿಂದ ಹೊರಗೆ ಹೋದದ್ದು ಬೇರೆ ರೂಪದಲ್ಲಿ. ಯಾರು ಒಯ್ದರು ನನಗೆ ತಿಳಿಯದು. ಶನಿವಾರ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಪರಿಚಯದವರೊಬ್ಬರು, "ಸರ್‌ಗೆ ಅನುಗ್ರಹ ಅಂದ್ರೇನು ಅಂತಲೇ ಗೊತ್ತಿಲ್ಲ ಅಂದ್ರಂತೆ ನಿಮ್ಮ ಮೇಡಂ?" ಎಂದರು. 'ನನಗೂ ಗೊತ್ತಿಲ್ಲ' ಎನ್ನುವುದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಮುಂದಿನ ಪ್ರವಚನದ ಭಾನುವಾರ ಊಟವಾದ ಮೇಲೆ ಸಮಿತಿಯ ಸೆಕ್ರೆಟರಿ ಮೇಡಂ ಹತ್ತಿರ ಬಂದ. ಮೂವತ್ತೈದು ದಾಟಿದ, ಬಹಳ ವಿನಯದ ಹುಡುಗ. ಹಾಲಿನ ಕುರ್ಚಿಗಳನ್ನೆಲ್ಲಾ ಕೊನೆಗೆ ಒಬ್ಬನೇ ಪೇರಿಸಿಡುತ್ತಿದ್ದ.

"ಆಂಟಿ, ಫೈವ್ ಮಿನಿಟ್ಸ್. ಪಕ್ಕದ ರೂಮಲ್ಲಿ. ಸರ್ ಸ್ವಲ್ಪ ಹರ್ಟ್ ಆಗಿದಾರೆ. ಜಸ್ಟ್ ಕ್ಲಿಯರ್ ಮಾಡ್ಕೊಂಡ್ಬಿಡೋಣ."

"ಕೋರ್ಟೋ?" ಎಂದರು ಮೇಡಂ. ಕಣ್ಣು ಹೊಳೆಯುತ್ತಿತ್ತು. ನನ್ನ ತೋಳು ಹಿಡಿದು, "ಇವರೂ ಬರಲಿ. ನಂಗೊಬ್ಬ ಸಾಕ್ಷಿ ಬೇಕು," ಎಂದರು.

ಆ ಕೋಣೆಯಲ್ಲಿ ಮಕ್ಕಳ ಆಟದ ಸಾಮಾನು ತುಂಬಿದ್ದವು. ವಾರದ ದಿನಗಳಲ್ಲಿ ಅಲ್ಲಿ ಶಿಶುವಿಹಾರ ನಡೆಯುತ್ತಿತ್ತು. ಕುರ್ಚಿಗಳು ಚಿಕ್ಕವು. ಸರ್, ಸೆಕ್ರೆಟರಿ, ಮೇಡಂ, ನಾನು ಮೊಣಕಾಲು ಎದೆಗೆ ತಾಗುವಂತೆ ಕೂತೆವು.

"ನೀವು ಯಾವಾಗಲೂ ಇದ್ದದ್ದನ್ನ ಇದ್ದಹಾಗೆ ಹೇಳೋರು," ಎಂದರು ಸರ್ ನನ್ನ ಕಡೆ ತಿರುಗಿ. "ಮೇಡಂ ಹಾಗಂದ್ರಾ?"

"ಹಾಗೆ ಹೇಳಿದ್ದಲ್ಲ ಸರ್," ಎಂದು ನಾನು ಅವರ ಮಾತನ್ನು ಪೂರ್ತಿ ಹೇಳಿದೆ. ನನಗೂ ಗೊತ್ತಿಲ್ಲ ಎಂದದ್ದನ್ನು ಎರಡು ಸಲ ಹೇಳಿದೆ. ಟೇಪಿನ ವಿಷಯವನ್ನೂ ಬಿಡಲಿಲ್ಲ.

 ಸರ್ ಮುಖ ಸಡಿಲವಾಯಿತು. "ಟೇಪು ನಮ್ಮ ಎಂಜಿನಿಯರಿಂಗ್ ಸಾಮಾನು. ಅದರಿಂದ ನನಗೇ ಬಡಿದಿರಲ್ಲ," ಎಂದು ನಕ್ಕರು. "ಆ ಹುಡುಗಿ ಅತ್ತಳಾ? ನನಗೆ ಗೊತ್ತಾಗಲಿಲ್ಲ."

ಮುಗಿಯಿತು ಎಂದುಕೊಂಡು ನಾನು ಏಳಲು ಹೊರಟಿದ್ದೆ. ಮೇಡಂ ಏಳಲಿಲ್ಲ.

"ನಿಮಗೆ ಗೊತ್ತಾಗಲ್ಲ ಸರ್. ಇಲ್ಲಿ ಅಳೋಕೆ ಜಾಗ ಇಲ್ಲ, ಶಟರ್ ಹಾಕಿರ್ತೀರ. ಕೇಳಿಸ್ಕೊಳ್ಳೋಕೆ ಭಾನುವಾರ ಬಂದ್ರೆ ಸಾಕು. ಅರ್ಥ ಆಗಬೇಕು ಅಂದ್ರೆ ಬುಧವಾರ ನಮ್ಮನೆಗೇ ಬರಬೇಕು."

ದನಿ ಏರಿಸದೆ ಹೇಳಿದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸರ್ ಹೆಗಲ ಮೇಲಿನ ಅಂಗವಸ್ತ್ರವನ್ನು ತೆಗೆದು ತೊಡೆಯ ಮೇಲೆ ಮಡಿಸಿದರು, ಮತ್ತೆ ಬಿಚ್ಚಿ ಮಡಿಸಿದರು. "ಹಾಗಾದ್ರೆ ನಾನು ಯಾಕೆ ಬರಬೇಕು?" ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಸೆಕ್ರೆಟರಿ ನೆಲದ ಮೇಲಿದ್ದ ಪ್ಲಾಸ್ಟಿಕ್ ಇಟ್ಟಿಗೆಯೊಂದನ್ನು ಎತ್ತಿ ಡಬ್ಬಿಗೆ ಹಾಕಿದ.

ಹೊರಗೆ ಬಂದಾಗ ಮೇಡಂ ನನ್ನ ಮುಖ ನೋಡಿ, "ನಾನೂ ಬಾಯಿ ಮುಚ್ಕೊಳ್ಳಲಿಲ್ಲ, ಅಲ್ವಾ?" ಎಂದರು. ನಾನು ಇಲ್ಲ ಎಂದೆ.

ಮೂರು ವಾರ ಏನೂ ಆಗಲಿಲ್ಲ. ಬುಧವಾರಗಳು ನಡೆದವು. ನಾಲ್ಕನೇ ವಾರ ಸೆಕ್ರೆಟರಿ ಫೋನ್ ಮಾಡಿ, ಯುಗಾದಿ ಕಾರ್ಯಕ್ರಮದಲ್ಲಿ ಮೇಡಂಗೆ ಸನ್ಮಾನ ಮಾಡಬೇಕೆಂದು ಸಮಿತಿ ತೀರ್ಮಾನಿಸಿದೆ ಎಂದ. ಸರ್ ಕೈಯಿಂದಲೇ ಶಾಲು. ನನಗೆ ಸಮಾಧಾನವಾಯಿತು. ನಮ್ಮಲ್ಲಿ ಜಗಳ ಹೀಗೆ ತಾನೆ ಮುಗಿಯುವುದು: ತಪ್ಪಾಯಿತೆಂದು ಯಾರೂ ಹೇಳುವುದಿಲ್ಲ, ಹಾರ ಹಾಕುತ್ತಾರೆ. ಮೇಡಂ ಚಿಕ್ಕ ಹುಡುಗಿಯಂತೆ ಖುಷಿಪಟ್ಟರು. ಯಾವ ಸೀರೆ ಎಂದು ಎರಡು ದಿನ ಚರ್ಚೆಯಾಗಿ, ಕೊನೆಗೆ ಸಾಸಿವೆ ಬಣ್ಣದ ಮೈಸೂರು ಸಿಲ್ಕ್ ಗೆದ್ದಿತು. "ನೋಡಿದ್ರಾ, ನಮ್ಮ ಗವರ್ನರ್ ಆ ಗವರ್ನರ್‌ಗಿಂತ ದೊಡ್ಡ ಮನುಷ್ಯ," ಎಂದರು.

ಇಲ್ಲಿ ಯುಗಾದಿ ಬರುವುದು ಎಲೆ ಉದುರುವ ಕಾಲಕ್ಕೆ. ಹಾಲಿನ ಬಾಗಿಲಿಗೆ ಮಾವಿನ ಎಲೆ ಸಿಗದೆ ಪ್ಲಾಸ್ಟಿಕ್ ತೋರಣ ಕಟ್ಟಿದ್ದರು. ಮೆಲ್ಬೋರ್ನಿನಿಂದ ಮಗಳು ಮೊಮ್ಮಗಳನ್ನು ಕರೆದುಕೊಂಡು ಬೆಳಗಿನ ವಿಮಾನಕ್ಕೆ ಬಂದಿಳಿದಿದ್ದಳು. ತಾಯಿಗೆ ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ಅವಳನ್ನು ಕಂಡು ಮೇಡಂ ವೇದಿಕೆಯಿಂದಲೇ ಕೈ ಬೀಸಿದರು.

ಸರ್ ಶಾಲು ಹೊದಿಸಿದರು.  ಹಾರ, ಹಣ್ಣಿನ ತಟ್ಟೆ, ಗಂಧದ ಬಣ್ಣದ ಒಂದು ಸ್ಮರಣಿಕೆ. ನಾವು ಚಪ್ಪಾಳೆ ತಟ್ಟಿದೆವು. ತಟ್ಟುತ್ತಿರುವಾಗಲೇ ಸೆಕ್ರೆಟರಿ ಮೈಕಿನಲ್ಲಿ ಓದತೊಡಗಿದ. ನಮ್ಮೆಲ್ಲರ ಪ್ರೀತಿಯ ಮೇಡಂ ಅವರು ಇನ್ನು ಮುಂದೆ ಮಗಳು ಮತ್ತು ಮೊಮ್ಮಗಳೊಂದಿಗೆ ಮೆಲ್ಬೋರ್ನಿನಲ್ಲಿ ವಿಶ್ರಾಂತ ಜೀವನ ನಡೆಸಲಿದ್ದಾರೆ. ಅವರು ಬೆಳೆಸಿದ ಬುಧವಾರದ ಕೂಟವನ್ನು ಸಮಿತಿಯು ಇದೇ ಹಾಲಿನಲ್ಲಿ ಮುಂದುವರಿಸಲಿದೆ. ಸರ್ ಅವರು ಪ್ರಶ್ನೆಗಳಿಗೆ ಉತ್ತರಿಸಲು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ.

ಚಪ್ಪಾಳೆ ಜೋರಾಯಿತು. ನಾನು ಮೇಡಂ ಮುಖವನ್ನೇ ನೋಡುತ್ತಿದ್ದೆ. ಅವರು ಸೆಕ್ರೆಟರಿಯನ್ನು ನೋಡಿದರು. ಆಮೇಲೆ ಮಗಳನ್ನು. ಮಗಳು ಕಣ್ಣು ಒದ್ದೆ ಮಾಡಿಕೊಂಡು, ನಗುತ್ತಾ, ಹೌದೆಂದು ತಲೆಯಾಡಿಸಿದಳು. ಸರ್ ಕೂಡ ಸೆಕ್ರೆಟರಿಯ ಕಡೆ ಥಟ್ಟನೆ ತಿರುಗಿದರು. ಮೆಲ್ಬೋರ್ನಿನ ವಿಷಯ ಅವರಿಗೆ ಮೊದಲೇ ಗೊತ್ತಿರಲಿಲ್ಲ ಎಂದೇ ನನಗೆ ಆಗ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಮೇಡಂ ಅವರ ಎರಡೂ ಕೈಯಲ್ಲಿ ಹಣ್ಣಿನ ತಟ್ಟೆ ಇತ್ತು. ಮೈಕನ್ನು ಸೆಕ್ರೆಟರಿಯೇ ಅವರ ಬಾಯಿಯ ಹತ್ತಿರ ಹಿಡಿದ.

"ಎಲ್ಲರಿಗೂ ನಮಸ್ಕಾರ," ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಜನ ಅವರಿಗೆ ಅಳು ಬಂದಿದೆ ಎಂದುಕೊಂಡಿರಬೇಕು. "ಊಟ ತಣ್ಣಗಾಗತ್ತೆ. ಏಳಿ," ಎಂದರು. ಎಲ್ಲರೂ ನಕ್ಕು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ಅವರನ್ನು ಫ್ಲ್ಯಾಟಿಗೆ ಬಿಟ್ಟವಳು ನಾನು. ಮಗಳು ಎಲ್ಲರನ್ನೂ ಮಾತಾಡಿಸಿ ಬರುತ್ತೇನೆಂದು ಹಿಂದೆ ಉಳಿದಳು. ಕಾರಿನಲ್ಲಿ ಶಾಲು ಅವರ ತೊಡೆಯ ಮೇಲಿತ್ತು, ಅಂಗಡಿಯ ಚೀಟಿಯನ್ನು ಕತ್ತರಿಸುವುದನ್ನು ಯಾರೋ ಮರೆತಿದ್ದರು. ಎರಡು ಸಿಗ್ನಲ್ ದಾಟಿದ ಮೇಲೆ ಮೇಡಂ ಹೇಳಿದರು:

"ಮಗಳಿಗೆ ಆ ಸೆಕ್ರೆಟರಿ ಹುಡುಗ ಫೋನ್ ಮಾಡಿದ್ನಂತೆ. ಅಮ್ಮನಿಗೆ ಇಲ್ಲಿ ಸ್ಟ್ರೆಸ್ ಆಗ್ತಿದೆ, ವಯಸ್ಸಾಯ್ತು, ನೀವು ಕರ್ಕೊಂಡ್ರೆ ಒಳ್ಳೇದು ಅಂತ. ಅವಳು ಪಾಪ, ಅಮ್ಮ ಬರ್ತಾಳೆ ಅಂತ ರೂಮ್ ರೆಡಿ ಮಾಡಿದಾಳೆ. ಸರ್‌ಪ್ರೈಸ್ ಅಂತೆ."

"ಹೋಗುವುದಿಲ್ಲ ಅಂತ ಹೇಳಿ ಮೇಡಂ. ಯಾರಾದರೂ ನಿಮ್ಮನ್ನು ಎತ್ತಿಕೊಂಡು ಹೋಗ್ತಾರಾ?"

ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ಆ ಸೂಲಗಿತ್ತಿ ಗವರ್ನರ್‌ನ ಕೇಳಿದ್ಲು, ನನ್ನ ಯಾಕೆ ಹೊರಗೆ ಹಾಕ್ತಿದೀರ ಅಂತ. ಅವನು ಉತ್ತರ ಕೊಡಲಿಲ್ಲ, ಅದು ಬೇರೆ ಮಾತು. ಕೇಳೋಕಾದ್ರೂ ಆಯ್ತಲ್ಲ. ಶಾಲು ಹೊದ್ಕೊಂಡು, ಕೈಲಿ ಹಣ್ಣು ಹಿಡ್ಕೊಂಡು ಯಾಕೆ ಅಂತ ಹೇಗೆ ಕೇಳೋದು?"

ಮುಂದಿನದು ತಾನಾಗಿಯೇ ನಡೆಯಿತು. ಒಮ್ಮೆ ಬೀಳ್ಕೊಟ್ಟ ಮೇಲೆ ನಮ್ಮವರು ಸುಮ್ಮನಿರುವುದಿಲ್ಲ. ಹೋಗುವ ಮುಂಚೆ ನಮ್ಮ ಮನೆಗೊಂದು ಊಟಕ್ಕೆ ಬನ್ನಿ ಎಂದು ದಿನಕ್ಕೊಬ್ಬರು ಕರೆದರು. ಪ್ರತಿ ಮನೆಯಲ್ಲೂ ಹೋಳಿಗೆ, ಪ್ರತಿ ಮನೆಯಲ್ಲೂ ರವಿಕೆ ಕಣ ಇಟ್ಟು ಕುಂಕುಮ. ಬುಧವಾರದ ಹೆಂಗಸರೆಲ್ಲಾ ಸೇರಿ ಚಳಿಗೆಂದು ಉಣ್ಣೆಯ ಕೋಟು ಕೊಡಿಸಿದೆವು. ಇಷ್ಟೆಲ್ಲಾ ತಿಂದು, ಇಷ್ಟೆಲ್ಲಾ ತೆಗೆದುಕೊಂಡು, ನಾನು ಹೋಗುವುದಿಲ್ಲ ಎನ್ನಲು ಯಾವ ಬಾಯಿ ಬರುತ್ತದೆ? ನಾಲ್ಕನೇ ಊಟದ ನಂತರ ಮೇಡಂ ಫ್ಲ್ಯಾಟಿನ ಏಜೆಂಟಿಗೆ ಫೋನ್ ಮಾಡಿ ಖಾಲಿ ಮಾಡುತ್ತೇನೆಂದು ತಿಳಿಸಿದರು.

ಸಮಿತಿಯವರು ಹಾಲಿನಲ್ಲಿ ನಡೆಸಿದ ಬುಧವಾರಗಳಿಗೆ ನಾನು ಹೋದೆ. ಸರ್ ಸಮಯಕ್ಕೆ ಮೊದಲೇ ಬಂದು ಕೂತಿರುತ್ತಿದ್ದರು. ಅಡುಗೆಮನೆಯ ಶಟರನ್ನು ಅವರೇ ಮೇಲೆತ್ತಿಸಿದ್ದರು. ಹೊರಗಿನವರಿಗೂ ಒಳಗಿನವರಿಗೂ ಈಗ ಎಲ್ಲಾ ಕೇಳುತ್ತಿತ್ತು. ಅವರು ಮೃದುವಾಗಿ, "ಪ್ರಶ್ನೆ ಇದ್ದರೆ ಕೇಳಿ ತಾಯಿ," ಎನ್ನುತ್ತಿದ್ದರು. ಸಾಲಾಗಿ ಕುರ್ಚಿಯಲ್ಲಿ ಕೂತ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಯಾರೋ ಒಬ್ಬರು ಕೊನೆಗೆ ಪಂಚಾಂಗದ ವಿಷಯ ಕೇಳುತ್ತಿದ್ದರು. ನರ್ಸ್ ಹುಡುಗಿ ಎರಡು ವಾರ ಬಂದಳು, ಆಮೇಲೆ ನಿಂತಳು. ಒಂದು ದಿನ ಎಲ್ಲರೂ ಹೋದ ಮೇಲೆ ಸರ್ ನನ್ನನ್ನು ತಡೆದು ಕೇಳಿದರು: "ಅಲ್ಲಿ ಅಷ್ಟು ಮಾತಾಡ್ತಿದ್ರಂತಲ್ಲ ಎಲ್ಲರೂ. ಇಲ್ಲಿ ಯಾಕೆ ಯಾರೂ ಬಾಯಿ ಬಿಡಲ್ಲ? ನಾನು ಅವರಿಗೆ ಗೌರವ ಮಾಡಿ ಅಂದಿದ್ದೆ, ಅಷ್ಟೇ." ನಾನು ಕುರ್ಚಿಗಳನ್ನು ಪೇರಿಸತೊಡಗಿದೆ.

ನಾನು ಮೇಡಂ ಅವರನ್ನು ನೋಡಲು ಮೆಲ್ಬೋರ್ನಿನ ಕ್ಲೈಡ್ ನಾರ್ತ್‌ಗೆ ಹೋದದ್ದು ಚಳಿಗಾಲ ಕಳೆದ ಮೇಲೆ. ಬುಧವಾರದವರೆಲ್ಲಾ ಸೇರಿ ನನ್ನನ್ನು ಕಳಿಸಿದ್ದರು. ನರ್ಸಿನ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಮೇಡಂ ಬಂದು ಅಲ್ಲಿರಲಿ, ನಾವೆಲ್ಲಾ ನೋಡಿಕೊಳ್ಳುತ್ತೇವೆ, ಆ ಹಾಲ್ ಕೂಡ ಬೇಡ, ಸಮಿತಿಯೂ ಬೇಡ ಎಂದು ಹೇಳಬೇಕಾಗಿತ್ತು.

ಹೊಸ ಬಡಾವಣೆ. ಬೀದಿಯ ಗಿಡಗಳಿಗೆಲ್ಲಾ ಇನ್ನೂ ಊರುಗೋಲು ಕಟ್ಟಿದ್ದರು. ಮೊಮ್ಮಗಳು ಬಾಗಿಲು ತೆರೆದು, "ಅಜ್ಜಿ ಈಸ್ ಇನ್ ದ ಬ್ಯಾಕ್‌ಯಾರ್ಡ್," ಎಂದು ಓಡಿದಳು. ಮೇಡಂ ಹಿತ್ತಿಲಿನಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ಮೆಂತ್ಯದ ಮಡಿಗೆ ನೀರು ಬಿಡುತ್ತಿದ್ದರು. ತೆಳ್ಳಗಾಗಿದ್ದರು. ಮಗಳು ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು, ಅದು ಮನೆಯಲ್ಲಿ ಕಾಣುತ್ತಿತ್ತು. ಊಟ ಬಡಿಸುತ್ತಾ, "ಆಂಟಿ, ನೀವಾದ್ರೂ ಹೇಳಿ. ಪಾರ್ಕಲ್ಲಿ ಎಷ್ಟೊಂದು ಕನ್ನಡ ಅಜ್ಜಿಯರು ಬರ್ತಾರೆ. ಇಲ್ಲೂ ಒಂದು ಗ್ರೂಪ್ ಶುರು ಮಾಡು ಅಂದ್ರೆ ಅಮ್ಮ ಮಾಡಲ್ಲ," ಎಂದಳು.

"ಅವರಿಗೆ ಮಂಡಿ ನೋವಿನ ಎಣ್ಣೆ ಬೇಕು, ಪ್ಯೂರಿಟನ್ ಬೇಡ," ಎಂದರು ಮೇಡಂ.

ಮಗಳು ಕೆಲಸಕ್ಕೆ ಹೋದ ಮೇಲೆ ಹಿತ್ತಿಲಿನಲ್ಲಿ ಕೂತು ನಾನು ಬಂದ ವಿಷಯ ಹೇಳಿದೆ. ಕೋಣೆಯ ಕಿಟಕಿ ಯಾವ ಕಡೆಗಿದೆ ಎಂಬುದನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಾನು ಬಂದ್ರೆ ನೀವು ಎರಡು ಪಾರ್ಟಿ ಆಗ್ತೀರ. ಭಾನುವಾರದೋರು, ಬುಧವಾರದೋರು. ಮಕ್ಕಳ ಬರ್ತ್‌ಡೇಗೆ ಯಾರನ್ನ ಕರೀಬೇಕು ಅಂತ ಜಗಳ ಆಗತ್ತೆ. ಬೇಡ." ಸ್ವಲ್ಪ ಹೊತ್ತಿನ ಮೇಲೆ, "ಒಂದು ಕೇಳ್ತೀನಿ. ಯುಗಾದಿ ದಿನ ಆ ಹುಡುಗ ಓದಿದಾಗ ನೀವೂ ಚಪ್ಪಾಳೆ ತಟ್ಟಿದ್ರಾ?" ಎಂದರು.

"ಶಾಲು ಹೊದಿಸಿದಾಗ ತಟ್ಟಿದೆ. ಅವನು ಓದಲಿಕ್ಕೆ ಶುರು ಮಾಡಿದಾಗಲೂ ತಟ್ಟುತ್ತಿದ್ದೆ. ಮೆಲ್ಬೋರ್ನ್ ಅಂದ ಮೇಲೆ ಕೈ ನಿಂತಿತು."

"ಇನ್ಯಾರದ್ದಾದ್ರೂ ನಿಲ್ತಾ?"

ನಾನು ಆ ದಿನ ಅವರ ಮುಖವನ್ನಲ್ಲದೆ ಬೇರೆ ಯಾರನ್ನೂ ನೋಡಿರಲಿಲ್ಲ. ನಿಂತಿತು ಎಂದು ಹೇಳಬಹುದಾಗಿತ್ತು, ಅವರಿಗೆ ಬೇಕಾಗಿದ್ದದ್ದೂ ಅದೇ. "ನೋಡಲಿಲ್ಲ ಮೇಡಂ," ಎಂದೆ.

ಅವರು ಕುರ್ಚಿಯನ್ನು ಬಿಸಿಲಿಗೆ ಸರಿಸಿಕೊಂಡರು. ನರ್ಸ್ ಹುಡುಗಿಯ ಡ್ಯೂಟಿಯ ಬಗ್ಗೆ ಕೇಳಿದರು, ಸರ್ ಅವರ ಆರೋಗ್ಯ ವಿಚಾರಿಸಿದರು. ಸಂಜೆ ನಾನು ಏರ್‌ಪೋರ್ಟಿಗೆ ಹೊರಟಾಗ ಗೇಟಿನವರೆಗೆ ಬಂದು ಹೇಳಿದರು:

"ಫೋನ್ ಮಾಡ್ತಿರಿ. ಬುಧವಾರ ಮಾತ್ರ ಬೇಡ. ಬೇರೆ ಯಾವ ದಿನ ಮಾಡಿದ್ರೂ ನಾನು ಎತ್ತುತ್ತೀನಿ."

ನಾನು ಗುರುವಾರ ಮಾಡುತ್ತೇನೆ. ಮೆಂತ್ಯ ಎಷ್ಟು ಬಂತು, ಮಂಡಿ ಹೇಗಿದೆ, ಅಲ್ಲಿ ಗಾಳಿ ಹೇಗೆ, ಇಲ್ಲಿ ಮಳೆ ಹೇಗೆ. ಅವರು ಬೇಗ ಎತ್ತುತ್ತಾರೆ, ಬೇಗ ಇಡುತ್ತಾರೆ. ಪ್ಯೂರಿಟನ್ನರ ಮಾತನ್ನು ಒಮ್ಮೆ ನಾನೇ ತೆಗೆದು ನೋಡಿದೆ. ಆ ಕಲಾಯಿಯವನು ಜೈಲಿನಿಂದ ಕೊನೆಗೆ ಹೇಗೆ ಹೊರಗೆ ಬಂದ ಎಂದು ಕೇಳಿದೆ. 

"ಮರೆತುಹೋಗಿದೆ ಕಣ್ರೀ," ಎಂದರು.